ಪ್ಲಾಸ್ಟರ್ ಬಿಚ್ಚಾಯ್ತು, ಕೈ ಮಾತ್ರ ಮಾತು ಕೇಳುತ್ತಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ವಿಷಯದವು. ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು, ಅದನ್ನು ಬಿಚ್ಚಿಸಿದ ಮೇಲೆ ಮುಂದೇನು ಅಂತ ಕೇಳಿದ್ದಾರೆ. ಫಿಸಿಯೋಥೆರಪಿಸ್ಟ್ ಆಗಿ ನಾನು ದಿನಾ ನೋಡುವುದು ಇಂಥ ಕೈಗಳನ್ನೇ, ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೂಳೆ ಕೂಡಿದೆ, ಕೈ ಆಡಿಸಬಹುದು ಅಂತ ನಿಮ್ಮನ್ನು ನೋಡಿದ ಡಾಕ್ಟರು ಹೇಳಿದ ಮೇಲೆ ಮಾತ್ರ ಇಲ್ಲಿರುವುದನ್ನು ಶುರು ಮಾಡಿ.

ಪ್ರಶ್ನೆ: ನನಗೆ 47 ವರ್ಷ. ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್ ಇತ್ತು, ಹೋದ ವಾರ ಬಿಚ್ಚಿದರು. ಎಕ್ಸ್‌ರೇ ನೋಡಿ ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಕೈ ಆಡಿಸಿ ಅಂದರು, ಅಷ್ಟೇ. ಆದರೆ ಮಣಿಕಟ್ಟು ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಬರಲ್ಲ. ಮುಷ್ಟಿ ಕಟ್ಟಲು ಆಗುತ್ತಿಲ್ಲ. ಕೈ ಸಣಕಲಾಗಿದೆ, ಚರ್ಮ ಏಳುತ್ತಿದೆ. ಮೂಳೆ ಸರಿಯಾಗಿ ಕೂಡಿಲ್ಲವೇನೋ ಅಂತ ಭಯ.

ಉತ್ತರ: ಎಕ್ಸ್‌ರೇ ನೋಡಿ ಹೇಳಿದ್ದಾರಲ್ಲ, ಅದನ್ನು ನಂಬಿ. ಈಗ ಬಿಗಿದುಕೊಂಡಿರುವುದು ಮೂಳೆಯ ಸುತ್ತ ಇರುವ ಮೆತ್ತನೆಯ ಭಾಗಗಳು. ಕೀಲನ್ನು ಸುತ್ತಿರುವ ಚೀಲ ಕುಗ್ಗಿರುತ್ತದೆ, ಬೆರಳನ್ನು ಎಳೆಯುವ ನಾರುಗಳು, ಅಂದರೆ ಟೆಂಡನ್‌ಗಳು, ಅಕ್ಕಪಕ್ಕಕ್ಕೆ ಅಂಟಿಕೊಂಡಿರುತ್ತವೆ, ಕೆಲಸವಿಲ್ಲದೆ ಸ್ನಾಯು ಕರಗಿರುತ್ತದೆ. ಆರು ವಾರ ಅಲ್ಲಾಡದ ಯಾವ ಕೈಯಾದರೂ ಹೀಗೇ ಆಗುತ್ತದೆ. ಚರ್ಮದ ಬಗ್ಗೆ ಚಿಂತೆ ಬೇಡ. ದಿನಾ ತಾನಾಗಿಯೇ ಉದುರಬೇಕಿದ್ದ ಪದರ ಪ್ಲಾಸ್ಟರ್ ಒಳಗೆ ಹಾಗೇ ಉಳಿದಿತ್ತು, ಈಗ ಏಳುತ್ತಿದೆ. ಉಜ್ಜಿ ಕೀಳಬೇಡಿ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ವಾಸನೆಯಿಲ್ಲದ ಯಾವುದಾದರೂ ಮಾಯಿಶ್ಚರೈಸರ್ ಹಚ್ಚಿ. ಒಂದೆರಡು ವಾರದಲ್ಲಿ ಸರಿಹೋಗುತ್ತದೆ.

ಮಣಿಕಟ್ಟಿನ ಈ ಮುರಿತವನ್ನು ಐರ್ಲೆಂಡಿನ ಸರ್ಜನ್ ಅಬ್ರಹಾಂ ಕಾಲಿಸ್ 1814ರಲ್ಲೇ ವಿವರಿಸಿ ಬರೆದಿದ್ದರು. ಎಕ್ಸ್‌ರೇ ಬಂದಿದ್ದು 1895ರಲ್ಲಿ, ಅಂದರೆ ಅದಕ್ಕೂ 81 ವರ್ಷ ಮೊದಲಿನ ಮಾತು. ಕೈಯ ಆಕಾರ ಸೊಟ್ಟಗೇ ಉಳಿದರೂ ನೋವು ಹೋಗುತ್ತದೆ, ಚಲನೆ ತಡವಾಗಿಯಾದರೂ ಪೂರ್ತಿ ವಾಪಸ್ ಬರುತ್ತದೆ ಅಂತ ಅವರು ಆಗಲೇ ಬರೆದರು. ಎಲ್ಲರಿಗೂ ಪೂರ್ತಿ ಬರುತ್ತದೆ ಅಂತ ಈಗ ಹೇಳಲು ಆಗದು. ಆದರೆ ಬಹಳಷ್ಟು ಜನರಿಗೆ ಬೇಕಾದಷ್ಟು ಬಂದೇ ಬರುತ್ತದೆ, ಅದೂ ಅವರೇ ಮಾಡಿಕೊಂಡ ವ್ಯಾಯಾಮದಿಂದ.

ಎಲ್ಲರೂ ಮೊದಲು ಮಣಿಕಟ್ಟಿನ ವ್ಯಾಯಾಮಕ್ಕೇ ಕೈ ಹಾಕುತ್ತಾರೆ. ನಾನು ಹೇಳುವುದು ಬೆರಳಿನಿಂದ ಶುರು ಮಾಡಿ ಅಂತ. ಬೆರಳ ಬುಡದ ಗೆಣ್ಣಿನ ಎರಡೂ ಪಕ್ಕ ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು, ಅಂದರೆ ಲಿಗಮೆಂಟ್‌ಗಳು, ಬೆರಳು ನೆಟ್ಟಗಿದ್ದಾಗ ಸಡಿಲ, ಮಡಚಿದಾಗ ಬಿಗಿ. ಊದಿದ ಕೈಯಲ್ಲಿ ಬೆರಳು ಸುಮ್ನೆ ನೆಟ್ಟಗೇ ಇದ್ದುಬಿಟ್ಟರೆ ಅವು ಆ ಸಡಿಲ ಸ್ಥಿತಿಯಲ್ಲೇ ಕುಗ್ಗಿಬಿಡುತ್ತವೆ, ಆಮೇಲೆ ಮುಷ್ಟಿ ಕಟ್ಟಲು ಬಿಡುವುದಿಲ್ಲ. ಮಣಿಕಟ್ಟು ಸ್ವಲ್ಪ ಕಡಿಮೆ ಬಾಗಿದರೂ ಜೀವನ ನಡೆಯುತ್ತದೆ. ಮುಷ್ಟಿ ಕಟ್ಟದ ಕೈಯಿಂದ ಏನೂ ಹಿಡಿಯಲು ಆಗಲ್ಲ ಅಲ್ವಾ?

ಬೆರಳಿಗೆ ಐದು ಭಂಗಿ ಇವೆ. ಬೆರಳೆಲ್ಲ ನೆಟ್ಟಗೆ ಮೇಲಕ್ಕೆ ಚಾಚಿ, ಇದು ಮೊದಲನೆಯದು. ಈಗ ಬುಡದ ಗೆಣ್ಣು ನೆಟ್ಟಗೇ ಇಟ್ಟು ಮೇಲಿನ ಎರಡು ಗೆಣ್ಣು ಮಾತ್ರ ಮಡಚಿ, ಕೊಕ್ಕೆಯ ಆಕಾರ ಬರಬೇಕು. ಮತ್ತೆ ನೆಟ್ಟಗೆ ಮಾಡಿ. ಆಮೇಲೆ ಪೂರ್ತಿ ಮುಷ್ಟಿ. ಮತ್ತೆ ನೆಟ್ಟಗೆ. ಆಮೇಲೆ ಬುಡದ ಗೆಣ್ಣು ಮಾತ್ರ ಮಡಚಿ ಬೆರಳು ಚಪ್ಪಟೆಯಾಗಿಯೇ ಇರಲಿ, ಪಕ್ಕದಿಂದ ನೋಡಿದರೆ ಮೇಜಿನ ಮೂಲೆಯ ಹಾಗೆ ಕಾಣುತ್ತದೆ. ಕೊನೆಯದು, ಬುಡದ ಮತ್ತು ನಡುವಿನ ಗೆಣ್ಣು ಮಡಚಿ ತುದಿ ಮಾತ್ರ ನೆಟ್ಟಗಿಟ್ಟು, ಬೆರಳ ತುದಿಯನ್ನು ಅಂಗೈ ಬುಡದ ಕಡೆಗೆ ತನ್ನಿ. ಇಷ್ಟೆಲ್ಲ ಯಾಕೆ, ಬರೀ ಮುಷ್ಟಿ ಸಾಲದಾ ಅಂತ ಕೇಳುತ್ತಾರೆ. ಒಂದೊಂದು ಬೆರಳನ್ನೂ ಮಡಚಲು ಎರಡು ಟೆಂಡನ್ ಇವೆ, ಒಂದು ನಡುವಿನ ಮೂಳೆಗೆ ಅಂಟಿದೆ, ಇನ್ನೊಂದು ತುದಿಯ ಮೂಳೆಗೆ. ಎರಡೂ ಒಂದರ ಮೇಲೊಂದು ಜಾರಬೇಕು. ಕೊಕ್ಕೆ ಭಂಗಿಯಲ್ಲಿ ಅವೆರಡರ ನಡುವಿನ ಜಾರಾಟ ಅತಿ ಹೆಚ್ಚು, ಅಂಟು ಬಿಡುವುದು ಅಲ್ಲೇ. ಹಾಗಾಗಿ ಅದನ್ನು ಬಿಡಬೇಡಿ.

ಮಣಿಕಟ್ಟಿಗೆ ಬಂದರೆ, ಮುಂಗೈಯನ್ನು ಮೇಜಿನ ಮೇಲಿಟ್ಟು ಹಸ್ತ ಅಂಚಿನಿಂದ ಹೊರಗೆ ಇರುವ ಹಾಗೆ ಕೂರಿ. ನಿಧಾನ ಕೆಳಕ್ಕೆ ಬಿಡಿ, ನಿಧಾನ ಮೇಲಕ್ಕೆ ಎತ್ತಿ. ಎತ್ತುವಾಗ ಒಂದು ವಿಷಯ ಗಮನಿಸಿ. ಮಣಿಕಟ್ಟು ಎತ್ತುವ ಸ್ನಾಯು ಬಡವಾಗಿರುವುದರಿಂದ ಬೆರಳು ನೆಟ್ಟಗೆ ಮಾಡುವ ಸ್ನಾಯು ಆ ಕೆಲಸಕ್ಕೆ ನುಗ್ಗುತ್ತದೆ. ಬೆರಳೆಲ್ಲ ಸೆಟೆದು ನಿಲ್ಲುತ್ತವೆ, ಕೈ ಎದ್ದ ಹಾಗೆ ಕಾಣುತ್ತದೆ, ನಿಜವಾಗಿ ಎತ್ತಬೇಕಾದ ಸ್ನಾಯು ಮಾತ್ರ ಮಲಗಿಯೇ ಇರುತ್ತದೆ. ಇದಕ್ಕೆ ಉಪಾಯ ಸುಲಭ. ಒಂದು ಪೆನ್ನು ಅಥವಾ ಸಣ್ಣ ಬಟ್ಟೆಯ ಸುರುಳಿಯನ್ನು ಸಡಿಲವಾಗಿ ಹಿಡಿದುಕೊಂಡು ಎತ್ತಿ. ಬೆರಳು ಮಡಚಿದ್ದರೆ ಮಣಿಕಟ್ಟಿನ ಸ್ನಾಯುವೇ ಎತ್ತಬೇಕಾಗುತ್ತದೆ. ಮೊದಲ ದಿನ ಸ್ವಲ್ಪವೇ ಏಳುತ್ತದೆ, ಬೇಜಾರಾಗಬೇಡಿ, ಅದು ನಿಜವಾದ ಅಳತೆ.

ಎಷ್ಟು ಮಾಡಬೇಕು? ಒಂದೊಂದು ಸಲಕ್ಕೆ ಐದರಿಂದ ಹತ್ತು ನಿಮಿಷ, ದಿನಕ್ಕೆ ಐದಾರು ಸಲ. ಬೆಳಿಗ್ಗೆ ಒಂದು ಗಂಟೆ ಕೂತು ಮಾಡಿ ಇಡೀ ದಿನ ಮರೆಯುವುದಕ್ಕಿಂತ ಇದು ಎಷ್ಟೋ ಮೇಲು, ಯಾಕೆಂದರೆ ಬಿಟ್ಟ ಅಂಟು ಗಂಟೆಗಳು ಕಳೆದಂತೆ ಮತ್ತೆ ಹಿಡಿಯುತ್ತಾ ಬರುತ್ತದೆ. ಶುರು ಮಾಡುವ ಮೊದಲು ಹತ್ತು ನಿಮಿಷ ಬೆಚ್ಚಗಿನ ನೀರಲ್ಲಿ ಕೈ ಇಟ್ಟರೆ ಸಡಿಲವಾಗುತ್ತದೆ. ನೀರಿನ ಬಿಸಿಯನ್ನು ಇನ್ನೊಂದು ಕೈಯಿಂದ ನೋಡಿ, ಪ್ಲಾಸ್ಟರ್ ಬಿಚ್ಚಿದ ಕೈಗೆ ಸ್ಪರ್ಶ ಇನ್ನೂ ಮಂದವಾಗಿರಬಹುದು. ಗಾಯ ಒಣಗಿಲ್ಲದಿದ್ದರೆ ಅಥವಾ ಮೂಳೆ ಹಿಡಿದಿಡಲು ಹಾಕಿದ ತಂತಿ ಚರ್ಮದಿಂದ ಹೊರಗಿದ್ದರೆ ನೀರಲ್ಲಿ ಇಡಬೇಡಿ.

ಇನ್ನೊಂದು, ಆ ಕೈಯನ್ನು ಕೆಲಸಕ್ಕೆ ಹಚ್ಚಿ. ಗುಂಡಿ ಹಾಕಿಕೊಳ್ಳುವುದು, ಪುಟ ತಿರುವುವುದು, ಬಟ್ಟೆ ಮಡಚುವುದು, ಇಂಥ ಹಗುರ ಕೆಲಸ. ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಕಾಪಾಡುತ್ತಾ ಕೂತರೆ ಭುಜವೂ ಹಿಡಿದುಕೊಳ್ಳುತ್ತದೆ. ದಿನಕ್ಕೆ ನಾಲ್ಕೈದು ಸಲ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಇಳಿಸಿ.

ಪ್ರಶ್ನೆ: ವ್ಯಾಯಾಮ ಮಾಡಿದರೆ ನೋಯುತ್ತದೆ, ಸಂಜೆಗೆ ಬೆರಳು ಊದಿಕೊಳ್ಳುತ್ತವೆ. ಮುಂದುವರಿಸಲೋ ನಿಲ್ಲಿಸಲೋ?

ಉತ್ತರ: ನಿಲ್ಲಿಸಬೇಡಿ, ಅಳತೆ ಬದಲಿಸಿ. ಎಳೆದ ಹಾಗೆ ಆಗುವ ನೋವು ಇದ್ದೇ ಇರುತ್ತದೆ, ಅದಿಲ್ಲದೆ ಬಿಗಿತ ಬಿಡುವುದಿಲ್ಲ. ಹತ್ತಕ್ಕೆ ಮೂರೋ ನಾಲ್ಕೋ ಅನ್ನುವಷ್ಟು ನೋವು, ಮುಗಿಸಿದ ಅರ್ಧ ಗಂಟೆಯಲ್ಲಿ ಇಳಿದರೆ ಪರವಾಗಿಲ್ಲ. ಚುಚ್ಚುವ ನೋವು ಬಂದರೆ, ರಾತ್ರಿ ನಿದ್ದೆ ಕೆಟ್ಟರೆ, ಮಾರನೇ ದಿನ ಬೆಳಿಗ್ಗೆ ಕೈ ಹಿಂದಿನ ದಿನಕ್ಕಿಂತ ಜಾಸ್ತಿ ಊದಿ ಬಿಗಿಯಾಗಿದ್ದರೆ, ನೀವು ಮಾಡಿದ್ದು ಅತಿಯಾಯಿತು ಅಂತ ಅರ್ಥ. ಅರ್ಧಕ್ಕೆ ಇಳಿಸಿ, ಎರಡು ದಿನ ನೋಡಿ, ಮತ್ತೆ ಏರಿಸಿ.

ಸಂಜೆಯ ಊತ ಕೆಲವು ವಾರ ಇರುವುದು ಸಹಜ. ಆದರೆ ಇದ್ದರೆ ಇರಲಿ ಅಂತ ಬಿಡುವ ಹಾಗಿಲ್ಲ. ಊತದ ನೀರಲ್ಲಿ ಪ್ರೋಟೀನ್ ಇರುತ್ತದೆ, ಬಹಳ ದಿನ ನಿಂತರೆ ಅದೇ ಗಟ್ಟಿಯಾಗಿ ಹೊಸ ಅಂಟಾಗುತ್ತದೆ. ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಎತ್ತಿ ಹಿಡಿದು ಮುಷ್ಟಿ ಕಟ್ಟಿ ಬಿಡಿ, ಹೀಗೆ ಇಪ್ಪತ್ತು ಸಲ. ಸ್ನಾಯು ಹಿಂಡಿದಾಗ ನೀರು ಮೇಲಕ್ಕೆ ಹೋಗುತ್ತದೆ. ಬರೀ ಎತ್ತಿ ಹಿಡಿದರೆ ಅರ್ಧ ಲಾಭ ಅಷ್ಟೇ. ರಾತ್ರಿ ದಿಂಬಿನ ಮೇಲೆ ಕೈ ಇಟ್ಟು ಮಲಗಿ. ಉಂಗುರ ಹಾಕಬೇಡಿ.

ಪ್ರಶ್ನೆ: ಮನೆಯವರು ಎಣ್ಣೆ ಹಚ್ಚಿ ತಿಕ್ಕಿ, ಬೆರಳನ್ನೂ ಮೊಣಕೈಯನ್ನೂ ಜೋರಾಗಿ ಎಳೆದು ಮಡಚುತ್ತಾರೆ. ಹಾಗೆ ಮಾಡಿದರೇನೇ ಬೇಗ ಬಿಡುತ್ತದಂತೆ. ಕಣ್ಣಲ್ಲಿ ನೀರು ಬರುತ್ತದೆ. ಇದು ಸರಿಯಾ?

ಉತ್ತರ: ಸರಿಯಲ್ಲ. ಇವತ್ತೇ ನಿಲ್ಲಿಸಿ. ಅವರು ಪ್ರೀತಿಯಿಂದಲೇ ಮಾಡುತ್ತಿದ್ದಾರೆ, ಅದು ಗೊತ್ತು. ಆದರೆ ಜೋರಾಗಿ ಎಳೆದಾಗ ಒಳಗಿನ ನಾರು ಸಣ್ಣ ಸಣ್ಣದಾಗಿ ಹರಿಯುತ್ತದೆ, ರಕ್ತ ಒಸರುತ್ತದೆ, ಊತ ಏರುತ್ತದೆ, ಆ ಊತದಿಂದ ಕೈ ಮೊದಲಿಗಿಂತ ಬಿಗಿಯಾಗುತ್ತದೆ. ಬಿಗಿಯಾಯಿತು ಅಂತ ಮತ್ತೂ ಜೋರಾಗಿ ಎಳೆಯುತ್ತಾರೆ. ಮೊಣಕೈಯಲ್ಲಂತೂ ಇದು ಅಪಾಯ. ಪೆಟ್ಟಾದ ಮೊಣಕೈಯನ್ನು ಬಲವಂತವಾಗಿ ತಿಕ್ಕಿ ಎಳೆದರೆ ಸ್ನಾಯುವಿನ ಒಳಗೇ ಮೂಳೆ ಬೆಳೆಯಬಹುದು, ಅದಕ್ಕೆ ಮಯೋಸೈಟಿಸ್ ಆಸಿಫಿಕಾನ್ಸ್ ಅನ್ನುತ್ತಾರೆ. ಹಾಗಾದರೆ ಮೊಣಕೈ ಪೂರ್ತಿ ಮಡಚದೇ ನಿಂತುಬಿಡುವ ಸಾಧ್ಯತೆ ಇದೆ. ಮಕ್ಕಳಿಗೆ ಹೀಗೆ ಮಾಡಿಸಿ ಕರೆದುಕೊಂಡು ಬರುವುದನ್ನು ನೋಡಿದಾಗಲೆಲ್ಲ ನನಗೆ ತುಂಬಾ ನೋವಾಗುತ್ತದೆ.

ಹಾಗಂತ ಕೈ ಮುಟ್ಟಲೇಬಾರದು ಅಂತಲ್ಲ. ಎಣ್ಣೆ ಹಚ್ಚಿ ಬೆರಳ ತುದಿಯಿಂದ ಮೊಣಕೈ ಕಡೆಗೆ ಹಗುರವಾಗಿ ನೀವಬಹುದು, ಆಪರೇಷನ್ ಆಗಿದ್ದರೆ ಒಣಗಿದ ಗಾಯದ ಕಲೆಯ ಮೇಲೆ ಹೆಬ್ಬೆರಳಿಂದ ವೃತ್ತಾಕಾರವಾಗಿ ಒತ್ತಬಹುದು. ಎಳೆಯಬೇಕಾದರೆ ನೀವೇ ನಿಮ್ಮ ಇನ್ನೊಂದು ಕೈಯಿಂದ ಮೆಲ್ಲಗೆ ಎಳೆದು, ಬಿಗಿ ಅನಿಸಿದ ಕಡೆ ನಿಲ್ಲಿಸಿ, ಅರ್ಧ ನಿಮಿಷ ಹಾಗೇ ಹಿಡಿದುಕೊಳ್ಳಿ. ಕುಗ್ಗಿದ ನಾರು ಉದ್ದವಾಗುವುದು ಕಡಿಮೆ ಬಲ, ಜಾಸ್ತಿ ಹೊತ್ತು ಇದ್ದಾಗ. ಅಂಗೈ ಎರಡನ್ನೂ ಎದೆಯ ಮುಂದೆ ಜೋಡಿಸಿ, ಅಂಗೈ ಬಿಡದೆ ನಿಧಾನ ಕೆಳಕ್ಕೆ ಇಳಿಸಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಹಸ್ತದ ಹಿಂಭಾಗಗಳನ್ನು ಜೋಡಿಸಿ ಬೆರಳು ಕೆಳಗೆ ಮಾಡಿದರೆ ಮುಂದಕ್ಕೆ ಬಾಗುತ್ತದೆ.

ಪ್ರಶ್ನೆ: ಮಣಿಕಟ್ಟು ಬಾಗುತ್ತಿದೆ, ಮುಷ್ಟಿಯೂ ಆಗುತ್ತಿದೆ. ಆದರೆ ಅಂಗೈ ಮೇಲೆ ಮಾಡಲು ಆಗುತ್ತಿಲ್ಲ. ಮುಖ ತೊಳೆಯಲು ಬೊಗಸೆ ಹಿಡಿದರೆ ನೀರೆಲ್ಲ ಚೆಲ್ಲಿ ಹೋಗುತ್ತದೆ.

ಉತ್ತರ: ಮಣಿಕಟ್ಟಿನ ಮುರಿತದಲ್ಲಿ ಬಹಳ ಜನರಿಗೆ ಕೊನೆಗೆ ಬರುವ ಚಲನೆ ಇದೇ. ಮುಂಗೈಯಲ್ಲಿ ಎರಡು ಮೂಳೆ ಇವೆ, ಅಂಗೈ ತಿರುಗುವಾಗ ಒಂದು ಇನ್ನೊಂದರ ಸುತ್ತ ಹೊರಳುತ್ತದೆ. ಮುರಿದ ಜಾಗ ಆ ಹೊರಳುವ ಕೀಲಿನ ಪಕ್ಕದಲ್ಲೇ ಇರುವುದರಿಂದ ಅದೂ ಹಿಡಿದುಕೊಳ್ಳುತ್ತದೆ. ಇದರ ಜೊತೆಗೆ ನಾವು ದಿನವಿಡೀ ಮಾಡುವ ಕೆಲಸ, ಟೈಪ್ ಮಾಡುವುದು, ಬರೆಯುವುದು, ಎಲ್ಲ ಅಂಗೈ ಕೆಳಗೆ ಇಟ್ಟು. ಹಾಗಾಗಿ ಆ ಕಡೆಯ ಚಲನೆ ತಾನಾಗಿಯೇ ಬರುತ್ತದೆ, ಈ ಕಡೆಯದಕ್ಕೆ ಬೇರೆಯಾಗಿ ಸಮಯ ಕೊಡಬೇಕು.

ಮೊಣಕೈಯನ್ನು 90 ಡಿಗ್ರಿ ಮಡಚಿ ಪಕ್ಕೆಗೆ ಅಂಟಿಸಿ. ಪಕ್ಕೆಗೂ ಮೊಣಕೈಗೂ ನಡುವೆ ಒಂದು ಮಡಚಿದ ಟವೆಲ್ ಇಟ್ಟುಕೊಳ್ಳಿ, ಅದು ಬೀಳಬಾರದು. ಮೊಣಕೈ ಪಕ್ಕೆ ಬಿಟ್ಟರೆ ಭುಜ ತಿರುಗುತ್ತದೆ, ಕೈ ತಿರುಗಿದ ಹಾಗೆ ಕಾಣುತ್ತದೆ, ಮುಂಗೈ ಅಲ್ಲೇ ಇರುತ್ತದೆ. ಮುಷ್ಟಿಯಲ್ಲಿ ಪೆನ್ಸಿಲ್ ನೆಟ್ಟಗೆ ಹಿಡಿದು ತಿರುಗಿಸಿದರೆ ಎಷ್ಟು ತಿರುಗಿತು ಅಂತ ಕಣ್ಣಿಗೇ ಕಾಣುತ್ತದೆ. ಇನ್ನೊಂದು ಕೈಯಿಂದ ಸಹಾಯ ಮಾಡುವಾಗ ಹಸ್ತ ಹಿಡಿದು ತಿರುಚಬೇಡಿ, ಮಣಿಕಟ್ಟಿನಿಂದ ಸ್ವಲ್ಪ ಮೇಲೆ ಮುಂಗೈಯ ಮೂಳೆಯನ್ನೇ ಹಿಡಿದು ತಿರುಗಿಸಿ. ಭಾರ ಎತ್ತಲು ಡಾಕ್ಟರು ಒಪ್ಪಿದ ಮೇಲೆ ಒಂದು ಹಗುರ ಸುತ್ತಿಗೆಯನ್ನು ಅದರ ಕಬ್ಬಿಣದ ತಲೆಯ ಹತ್ತಿರ ಹಿಡಿದು ಇದೇ ವ್ಯಾಯಾಮ ಮಾಡಿ. ಸುಲಭವಾಗುತ್ತಾ ಬಂದಂತೆ ಹಿಡಿಯ ತುದಿಯ ಕಡೆ ಹಿಡಿಯಿರಿ, ಸುತ್ತಿಗೆಯ ಭಾರವೇ ತಿರುಗಿಸುತ್ತದೆ.

ಪ್ರಶ್ನೆ: ಪ್ಲಾಸ್ಟರ್ ಬಿಚ್ಚಿ ಮೂರು ವಾರವಾಯಿತು. ಕೈ ಉರಿಯುತ್ತದೆ. ಬಟ್ಟೆ ತಾಗಿದರೂ ತಡೆಯಲಾಗದು. ಚರ್ಮ ಹೊಳೆಯುತ್ತದೆ, ಒಮ್ಮೆ ಕೆಂಪು, ಒಮ್ಮೆ ನೀಲಿ. ಬೆವರುತ್ತದೆ ಕೂಡ. ಸ್ವಲ್ಪ ದಿನ ಕಾದರೆ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ.

ಉತ್ತರ: ಕಾಯಬೇಡಿ. ಈ ವಾರವೇ ನಿಮ್ಮ ಡಾಕ್ಟರನ್ನು ನೋಡಿ, ಇದೇ ಮಾತುಗಳಲ್ಲಿ ಹೇಳಿ. ನೀವು ಬರೆದ ಲಕ್ಷಣಗಳು ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್ ಅನ್ನುವ ತೊಂದರೆಗೆ ಹೊಂದುತ್ತವೆ. ಚುಟುಕಾಗಿ ಸಿಆರ್‌ಪಿಎಸ್. ಪೆಟ್ಟಿಗೂ ನೋವಿಗೂ ತಾಳೆಯೇ ಇರುವುದಿಲ್ಲ, ಎರಡು ಕೈಯ ಬಣ್ಣ, ಬಿಸಿ, ಬೆವರು ಬೇರೆ ಬೇರೆ ಇರುತ್ತದೆ, ಉಗುರು ಮತ್ತು ರೋಮದ ಬೆಳವಣಿಗೆಯೂ ಬದಲಾಗಬಹುದು. ನರವ್ಯೂಹ ನೋವಿನ ಸಂಕೇತವನ್ನು ಹಿಗ್ಗಿಸಿ ಹೇಳುತ್ತಿದೆ, ನಿಮ್ಮ ಮನಸ್ಸಿನ ಭ್ರಮೆ ಇದಲ್ಲ. ನೀವು ಹೆದರಿ ಕೈ ಆಡಿಸದೆ ಹೀಗಾಯಿತು ಅಂತ ಯಾರಾದರೂ ಬೈದರೆ ಅದನ್ನೂ ನಂಬಬೇಡಿ.

ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ನೋವಿನ ಔಷಧಿ ಡಾಕ್ಟರು ಕೊಡುತ್ತಾರೆ. ಥೆರಪಿಯಲ್ಲಿ ಮೊದಲು ಮೃದು ಬಟ್ಟೆ, ಆಮೇಲೆ ಒರಟು ಬಟ್ಟೆ ಹೀಗೆ ಸ್ಪರ್ಶಕ್ಕೆ ಅಭ್ಯಾಸ ಮಾಡಿಸುತ್ತಾರೆ. ಕನ್ನಡಿ ಚಿಕಿತ್ಸೆ ಅಂತ ಒಂದಿದೆ. ನೋವಿನ ಕೈಯನ್ನು ಕನ್ನಡಿಯ ಹಿಂದೆ ಇಟ್ಟು, ಒಳ್ಳೆಯ ಕೈಯನ್ನು ಮುಂದೆ ಆಡಿಸುತ್ತಾ ಕನ್ನಡಿಯನ್ನೇ ನೋಡುವುದು. ನೋವಿನ ಕೈಯೇ ಸಲೀಸಾಗಿ ಆಡುತ್ತಿದೆ ಅಂತ ಮೆದುಳಿಗೆ ಕಾಣುತ್ತದೆ, ಕೆಲವರಿಗೆ ಅದರಿಂದ ನೋವು ನಿಜಕ್ಕೂ ಇಳಿಯುತ್ತದೆ. ಡಾಕ್ಟರನ್ನು ನೋಡುವವರೆಗೆ ಬಿಸಿ ನೀರು, ಐಸ್ ಎರಡೂ ಬೇಡ, ಜೋರಾದ ಎಳೆತವಂತೂ ಬೇಡವೇ ಬೇಡ. ತಡೆಯುವಷ್ಟು ಬೆರಳಾಡಿಸಿ, ಸಾಕು.

ಪ್ರಶ್ನೆ: ಎಲ್ಲ ಚೆನ್ನಾಗಿ ಆಗುತ್ತಿತ್ತು. ನಿನ್ನೆಯಿಂದ ಹೆಬ್ಬೆರಳು ಇದ್ದಕ್ಕಿದ್ದಂತೆ ಜೋತುಬಿದ್ದಿದೆ. ನೋವೇನೂ ಇಲ್ಲ.

ಉತ್ತರ: ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಹೆಬ್ಬೆರಳನ್ನು ಮಾತ್ರ ಮೇಲಕ್ಕೆ ಎತ್ತಿ ನೋಡಿ. ಆಗದಿದ್ದರೆ ಹೆಬ್ಬೆರಳು ಎತ್ತುವ ಟೆಂಡನ್ ಹರಿದಿರಬಹುದು. ಮಣಿಕಟ್ಟಿನ ಹಿಂದೆ ಮೂಳೆಯ ಒಂದು ಸಣ್ಣ ಉಬ್ಬಿನ ಪಕ್ಕ ಅದು ತಿರುಗಿ ಹೋಗುತ್ತದೆ. ಮೂಳೆ ಜರುಗದೆ ಬರೀ ಬಿರುಕು ಬಿಟ್ಟವರಲ್ಲೂ, ಕೆಲವು ವಾರ ಕಳೆದ ಮೇಲೆ, ಅಲ್ಲಿ ಸವೆದು ಹರಿಯುತ್ತದೆ. ವ್ಯಾಯಾಮದಿಂದ ಇದು ಸರಿಹೋಗಲ್ಲ. ಕೈ ಸರ್ಜನ್ ಬಳಿ ಹೋಗಿ. ಸವೆದ ತುದಿಗಳನ್ನು ಹೊಲಿಯಲು ಸಾಮಾನ್ಯವಾಗಿ ಆಗುವುದಿಲ್ಲ, ತೋರುಬೆರಳಿಗೆ ಇರುವ ಎರಡು ಎತ್ತುವ ಟೆಂಡನ್‌ಗಳಲ್ಲಿ ಒಂದನ್ನು ಹೆಬ್ಬೆರಳಿಗೆ ಜೋಡಿಸುತ್ತಾರೆ. ಫಲಿತಾಂಶ ಚೆನ್ನಾಗಿರುತ್ತದೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತದೆ ಅಂತ ಇನ್ನಿಬ್ಬರು ಬರೆದಿದ್ದಾರೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಲಕ್ಷಣ ಅದು. ನೀವೂ ತೋರಿಸಿ. ಜೋಮು ದಿನದಿಂದ ದಿನಕ್ಕೆ ಏರುತ್ತಿದ್ದರೆ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ.

ಪ್ರಶ್ನೆ: ಮಗನಿಗೆ ಎಂಟು ವರ್ಷ. ಪ್ಲಾಸ್ಟರ್ ಬಿಚ್ಚಿದ್ದಾರೆ, ಮೊಣಕೈ ಪೂರ್ತಿ ನೆಟ್ಟಗಾಗುತ್ತಿಲ್ಲ. ಫಿಸಿಯೋಥೆರಪಿ ಬೇಕಾ?

ಉತ್ತರ: ಬಹುತೇಕ ಮಕ್ಕಳಿಗೆ ಬೇಡ. ಆಟವಾಡಲು ಬಿಡಿ, ಚಿತ್ರ ಬರೆಯಲಿ, ನೀರಲ್ಲಿ ಆಡಲಿ. ಮೊಣಕೈ ನೆಟ್ಟಗಾಗಲು ಮಕ್ಕಳಲ್ಲೂ ಕೆಲವು ತಿಂಗಳು ಬೇಕು. ಸೈಕಲ್, ಮರ ಹತ್ತುವುದು, ಓಡಿ ಬೀಳುವ ಆಟ ಮಾತ್ರ ಡಾಕ್ಟರು ಹೇಳುವ ತನಕ ಬೇಡ. ಯಾರೂ ಕೈ ಎಳೆಯಬಾರದು, ಮೇಲೆ ಬರೆದಿದ್ದೇನೆ.

ಪ್ರಶ್ನೆ: ನನಗೆ 26. ಮಣಿಕಟ್ಟಿನ ಸ್ಕಾಫಾಯ್ಡ್ ಮೂಳೆ ಮುರಿದು ಹತ್ತು ವಾರ ಪ್ಲಾಸ್ಟರ್ ಇತ್ತು. ಶಕ್ತಿ ಬರಲಿ ಅಂತ ಬಿಚ್ಚಿದ ದಿನದಿಂದ ಸ್ಪಂಜಿನ ಚೆಂಡು ಹಿಸುಕುತ್ತಿದ್ದೇನೆ. ಪುಷ್‌ಅಪ್ ಯಾವಾಗ ಮಾಡಬಹುದು?

ಉತ್ತರ: ಚೆಂಡನ್ನು ಸದ್ಯ ಪಕ್ಕಕ್ಕಿಡಿ. ಕೈ ಅಂದ ತಕ್ಷಣ ಎಲ್ಲರೂ ಚೆಂಡು ಕೊಡುತ್ತಾರೆ, ನನಗೆ ಅದು ಅಷ್ಟು ಇಷ್ಟವಿಲ್ಲ. ಚೆಂಡು ಅಂಗೈ ತುಂಬಿರುವುದರಿಂದ ಬೆರಳು ಅರ್ಧಕ್ಕೇ ನಿಲ್ಲುತ್ತವೆ, ದಿನವಿಡೀ ಹಿಸುಕಿದರೂ ಪೂರ್ತಿ ಮುಷ್ಟಿಯ ಅಭ್ಯಾಸವೇ ಆಗುವುದಿಲ್ಲ. ಮೊದಲು ಬರಿಗೈಯಲ್ಲಿ ಪೂರ್ತಿ ಮುಷ್ಟಿ ಬರಲಿ. ಆಮೇಲೆ ಮೆತ್ತನೆಯ ಥೆರಪಿ ಪುಟ್ಟಿ ತೆಗೆದುಕೊಳ್ಳಿ, ಹಿಟ್ಟಿನ ಮುದ್ದೆಯ ಹಾಗಿರುವ ಅದು ಬೆರಳಿನ ಜೊತೆ ಮಣಿಯುತ್ತದೆ. ಹಿಡಿತದ ಬಲ ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಬಾಗಿದ್ದಾಗ ಜಾಸ್ತಿ, ಹಾಗಾಗಿ ಮಣಿಕಟ್ಟು ಹಿಂದಕ್ಕೆ ಬಾಗದೆ ಬಲ ಬರಲಿ ಅಂದರೆ ಬರುವುದಿಲ್ಲ.

ಸ್ಕಾಫಾಯ್ಡ್ ವಿಷಯದಲ್ಲಿ ಆತುರ ಬೇಡ. ಆ ಮೂಳೆಗೆ ರಕ್ತ ಬಹುಪಾಲು ಬೆರಳ ಕಡೆಯ ತುದಿಯಿಂದ ಒಳಹೋಗಿ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ಕಡಿಮೆ, ಅದಕ್ಕೇ ಅಷ್ಟು ವಾರ ಪ್ಲಾಸ್ಟರ್. ಎಕ್ಸ್‌ರೇಯಲ್ಲಿ ಕೂಡಿದ್ದು ಸ್ಪಷ್ಟವಿಲ್ಲದಿದ್ದರೆ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ, ನೀವೇ ಕೇಳಿ. ಕೂಡಿದ್ದು ಖಚಿತವಾದ ಮೇಲೆ ಅಂಗೈ ಮೇಲೆ ಭಾರ ಹಾಕುವುದನ್ನು ಗೋಡೆಯಿಂದ ಶುರು ಮಾಡಿ, ಆಮೇಲೆ ಮೇಜು, ಕೊನೆಗೆ ನೆಲ. ಒಂದೊಂದು ಹಂತವೂ ನೋವಿಲ್ಲದೆ ಒಂದು ವಾರ ನಡೆದರೆ ಮುಂದಿನದಕ್ಕೆ ಹೋಗಿ.

ಪ್ರಶ್ನೆ: ನನಗೆ 61. ಪ್ಲಾಸ್ಟರ್ ಬಿಚ್ಚಿ ನಾಲ್ಕು ತಿಂಗಳಾಯಿತು. ಮಣಿಕಟ್ಟು ಇನ್ನೂ ಇನ್ನೊಂದು ಕೈಯಷ್ಟು ಬಾಗುತ್ತಿಲ್ಲ. ಇನ್ನು ಬರುವುದಿಲ್ಲವಾ? ನಿಂತಲ್ಲೇ ಜಾರಿ ಬಿದ್ದಿದ್ದೆ, ದೊಡ್ಡ ಪೆಟ್ಟೇನೂ ಅಲ್ಲ.

ಉತ್ತರ: ಬರುತ್ತದೆ, ವೇಗ ಮಾತ್ರ ಕಡಿಮೆ. ಮೊದಲ ಮೂರು ತಿಂಗಳಲ್ಲಿ ಬರುವುದು ಕಣ್ಣಿಗೆ ಕಾಣುತ್ತದೆ, ಆಮೇಲಿನದು ನಿಧಾನವಾಗಿ ಒಂದು ವರ್ಷದವರೆಗೂ ಬರುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಅಳೆದು ಬರೆದಿಡಿ. ಮುಷ್ಟಿ ಕಟ್ಟಿದಾಗ ನಡುಬೆರಳ ತುದಿಗೂ ಅಂಗೈಗೂ ಎಷ್ಟು ಅಂತರ, ಸ್ಕೇಲ್ ಇಟ್ಟು ನೋಡಿ. ಮಣಿಕಟ್ಟಿನದಾದರೆ ಪಕ್ಕದಿಂದ ಫೋಟೋ ತೆಗೆಸಿ. ದಿನಾ ನೋಡಿದರೆ ಬದಲಾವಣೆ ಕಾಣದೆ ಮನಸ್ಸು ಕುಗ್ಗುತ್ತದೆ.

ಆರೋಗ್ಯವಂತ ಮಣಿಕಟ್ಟು ಎರಡೂ ಕಡೆಗೆ 70 ಡಿಗ್ರಿ ಆಸುಪಾಸು ಬಾಗುತ್ತದೆ. ಆದರೆ ದಿನನಿತ್ಯದ ಬಹುತೇಕ ಕೆಲಸಕ್ಕೆ ಹಿಂದಕ್ಕೆ 40, ಮುಂದಕ್ಕೆ 40 ಸಾಕು ಅಂತ 1991ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಳೆದು ತೋರಿಸಿದೆ. ಹಾಗಾಗಿ ಇನ್ನೊಂದು ಕೈಗೆ ಹೋಲಿಸಿಕೊಂಡು ಕೊರಗುವ ಬದಲು ಯಾವ ಕೆಲಸ ಇನ್ನೂ ಆಗುತ್ತಿಲ್ಲ ಅಂತ ನೋಡಿ, ಅದಕ್ಕೆ ಬೇಕಾದ ಚಲನೆಯ ಹಿಂದೆ ಬೀಳಿ. ಎರಡು ತಿಂಗಳು ಅಳತೆ ಒಂಚೂರೂ ಬದಲಾಗದಿದ್ದರೆ ಥೆರಪಿಸ್ಟ್ ಬಳಿ ಹೋಗಿ. ಗಂಟೆಗಟ್ಟಲೆ ಮೆಲ್ಲಗೆ ಎಳೆದು ಹಿಡಿಯುವ ಸ್ಪ್ಲಿಂಟ್ ಮಾಡಿಕೊಡುತ್ತಾರೆ, ಹಳೆಯ ಬಿಗಿತಕ್ಕೂ ಅದು ಕೆಲಸ ಮಾಡುತ್ತದೆ.

ನಿಮ್ಮ ಕೊನೆಯ ಸಾಲು ನನಗೆ ಕೈಗಿಂತ ಮುಖ್ಯ ಅನಿಸಿತು. ಐವತ್ತು ದಾಟಿದವರು ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿದರೆ, ಮೂಳೆ ಸವೆದಿದೆಯಾ ಅಂತ ನೋಡಲೇಬೇಕು. ಮುಟ್ಟು ನಿಂತ ಹೆಂಗಸರಲ್ಲಿ ಇದು ಜಾಸ್ತಿ, ಗಂಡಸರಿಗೂ ಬರುತ್ತದೆ. ಬೆನ್ನು, ಸೊಂಟದ ಮೂಳೆ ಮುರಿಯುವ ಎಷ್ಟೋ ವರ್ಷ ಮೊದಲೇ ಮಣಿಕಟ್ಟು ಮುರಿಯುವುದುಂಟು, ಅಷ್ಟರಲ್ಲಿ ಹಿಡಿದರೆ ಔಷಧಿ ಇದೆ. ಡೆಕ್ಸಾ ಸ್ಕ್ಯಾನ್ ಅಂತ ಕೇಳಿ, ಕೆಲವೇ ನಿಮಿಷದ ಪರೀಕ್ಷೆ, ನೋವಿಲ್ಲ. ಜೊತೆಗೆ ರಕ್ತದಲ್ಲಿ ವಿಟಮಿನ್ ಡಿ ಮಟ್ಟ ನೋಡಬೇಕಾ ಅಂತಲೂ ಕೇಳಿ. ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಮಣಿಕಟ್ಟಿನ ಮಾತು ಎತ್ತುವ ಮೊದಲು ಇದನ್ನೇ ಕೇಳಿ.